ಫೆಬ್ರವರಿ ಮೂವತ್ತರ ಡೀಸೆಲ್

ಸಾ ಡೆಕ್, ಅಕ್ಕಿ ಗಿರಣಿಯ ಹಿಂದಿನ ಮನೆ
ಏಪ್ರಿಲ್ 16, ಮಂಗಳವಾರ (ನಿಮ್ಮ ಲೆಕ್ಕದಲ್ಲಿ ಮೂರನೇ ತಿಂಗಳ ಎಂಟು)

ಪ್ರೀತಿಯ ನಮ್ಮ ದೋಣಿಯ ಯಜಮಾನರಿಗೆ,

ಹೇಗಿದ್ದೀರಿ? ಸೊಂಟದ ನೋವು ಇಳಿಯಿತೇ? ಬಂದರಿನಲ್ಲಿ ಅಕ್ಕಿ ಇಳಿಸುವ ಸರದಿ ಬರುವವರೆಗೆ ಹಗಲೆಲ್ಲ ಜೋಲಿಯಲ್ಲಿ ಮುದುಡಿಕೊಂಡು ಬಿದ್ದಿದ್ದರೆ ಯಾವ ಎಣ್ಣೆ ತಿಕ್ಕಿದರೂ ಅಷ್ಟೇ ಅಂತ ಎಷ್ಟು ಸಲ ಹೇಳುವುದು? ಹಲಗೆಯ ಮೇಲೆ ಚಾಪೆ ಹಾಸಿ ನೆಟ್ಟಗೆ ಮಲಗಿ. ಕಟ್ಟಿಕೊಟ್ಟ ಒಣಮೀನು ಇಷ್ಟರಲ್ಲಿ ಮುಗಿದಿರುತ್ತದೆ, ಯಾಕೆಂದರೆ ನೀವು ಅಕ್ಕಪಕ್ಕದ ದೋಣಿಗಳಿಗೆಲ್ಲ ಹಂಚುವವರು. ಅದಕ್ಕೇ ಈ ಪತ್ರ ಹಿಡಿದು ತಮ್ಮ ದೋಣಿಯಲ್ಲಿ ಬಂದರಿಗೇ ಬರುತ್ತಿರುವ ಬೇಯ್ ಅಕ್ಕನ ಕೈಯಲ್ಲಿ ಇನ್ನೊಂದು ಪೊಟ್ಟಣ ಕಳಿಸಿದ್ದೇನೆ. ಅಕ್ಕನ ಗಂಡ ದಾರಿಯಲ್ಲೇ ಅದರ ವಾಸನೆ ಹಿಡಿಯದಿದ್ದರೆ ನಿಮಗೆ ತಲುಪುತ್ತದೆ. ನಮ್ಮ ಸೆನ್ ಚೆನ್ನಾಗಿದ್ದಾಳೆ. ಭಾನುವಾರ ಮುಂದಿನ ಹಲ್ಲು ಬಿತ್ತು. ಅದನ್ನು ನಿಮ್ಮ ದೋಣಿಯ ಮೂತಿಗೆ ಅಂಟಿಸಬೇಕಂತೆ. 'ಅಪ್ಪನ ದೋಣಿಗೆ ಬರೀ ಕಣ್ಣು ಬರೆದಿದ್ದಾರೆ, ಬಾಯಿ ಇಲ್ಲ, ಹಲ್ಲೂ ಇಲ್ಲ, ಪಾಪ' ಅಂತ ಅವಳ ಚಿಂತೆ. ಹಲ್ಲನ್ನು ಬೆಂಕಿಪೆಟ್ಟಿಗೆಯಲ್ಲಿ ಇಟ್ಟುಕೊಂಡು ನಿಮಗೆ ಕಾಯುತ್ತಿದ್ದಾಳೆ.

ಫೋನಿರುವಾಗ ಪತ್ರ ಯಾಕೆ ಅಂತ ಹುಬ್ಬು ಏರಿಸಬೇಡಿ. ಫೋನಿನಲ್ಲಿ ಕಷ್ಟದ ಪ್ರಶ್ನೆ ಕೇಳಿದ ಕೂಡಲೇ ನಿಮ್ಮ ಇಂಜಿನ್ನಿಗೆ ಎಲ್ಲಿಲ್ಲದ ಹುರುಪು ಬರುತ್ತದೆ. 'ಏನೂ ಕೇಳಿಸ್ತಿಲ್ಲ ಕಣೇ ಥೋವಾ, ಆಮೇಲೆ ಮಾಡ್ತೀನಿ' ಅಂತೀರಿ. ಲಂಗರು ಹಾಕಿ ನಿಂತಿದ್ದಾಗಲೂ ಹಾಗೇ ಅಂದವರು ನೀವು. ಪತ್ರದ ಮುಂದೆ ಆ ಆಟ ನಡೆಯುವುದಿಲ್ಲ. ಓದಿ ಮುಗಿಸುವವರೆಗೆ ಬೇಯ್ ಅಕ್ಕ ನಿಮ್ಮ ದೋಣಿಯಿಂದ ಇಳಿಯಬಾರದು ಅಂತ ಹೇಳಿ ಕಳಿಸಿದ್ದೇನೆ.

ಮೊದಲು ಒಂದು ತಪ್ಪೊಪ್ಪಿಗೆ. ಹೋದ ತಿಂಗಳಿಂದ ನಿಮ್ಮಿಂದ ಒಂದು ಸಂಗತಿ ಮುಚ್ಚಿಟ್ಟಿದ್ದೆ. ಗಿರಣಿಯಲ್ಲಿ ನಾನು ದಿನವಿಡೀ ನೋಡುತ್ತಾ ಕೂರುವ ಆ ಡ್ಯಾಶ್‌ಬೋರ್ಡ್ ಇದೆಯಲ್ಲ, ನೀವು 'ನಿನ್ನ ಬಣ್ಣದ ಟೀವಿ' ಅಂತ ಗೇಲಿ ಮಾಡುವುದು, ಅದರಲ್ಲಿ ಗಿರಣಿಯ ಇಪ್ಪತ್ತಾರು ದೋಣಿಗಳಿಗೂ ಒಂದೊಂದು ಚೌಕ ಇದೆ. ಗದ್ದೆಯಿಂದ ಹಿಡಿದು ಹಡಗು ಹತ್ತುವವರೆಗೆ ಒಂದು ಕಿಲೋ ಅಕ್ಕಿಯ ಬೆನ್ನ ಹಿಂದೆ ಎಷ್ಟು ಇಂಗಾಲದ ಹೊಗೆ ಆಕಾಶಕ್ಕೆ ಹೋಯಿತು ಅನ್ನುವುದನ್ನು ಅದು ಬಣ್ಣದಲ್ಲಿ ತೋರಿಸುತ್ತದೆ. ಕಡಿಮೆಯಿದ್ದರೆ ಹಸಿರು, ನಡುವೆ ಇದ್ದರೆ ಹಳದಿ, ಮಿತಿ ಮೀರಿದರೆ ಕೆಂಪು. ನಮ್ಮ ಅಕ್ಕಿ ಕೊಳ್ಳುವ ವಿದೇಶದವರು ಈ ತಿಂಗಳ ಇಪ್ಪತ್ತಕ್ಕೆ ದೋಣಿಗಳ ಪಟ್ಟಿ ಕೇಳಿದ್ದಾರೆ. ಕೆಂಪು ದೋಣಿಗೆ ಮುಂದಿನ ಸುಗ್ಗಿಯಿಂದ ಗಿರಣಿಯ ಅಕ್ಕಿ ಸಿಗುವುದಿಲ್ಲ. ಹದಿನೇಳನೇ ಚೌಕ ಒಂದು ತಿಂಗಳಿಂದ ಕೆಂಪಗೆ ಉರಿಯುತ್ತಿತ್ತು. ಹದಿನೇಳು ಯಾರದ್ದು ಅಂತ ನಿಮಗೆ ಹೇಳಬೇಕಾಗಿಲ್ಲ. ಪಟ್ಟಿ ಮಾಡುವವಳು ನಾನು. ಗಂಡನ ದೋಣಿಯ ಹೆಸರನ್ನು ನನ್ನ ಕೈಯಾರೆ ಕೆಂಪಿನ ಕೆಳಗೆ ಬರೆಯಬೇಕಾಗುತ್ತದಲ್ಲ ಅಂತ ದಿನಕ್ಕೆ ಹತ್ತು ಸಲ ಆ ಚೌಕವನ್ನೇ ತೆರೆದು ನೋಡುತ್ತಿದ್ದೆ. ನೀವು 'ಯಾಕೆ ಸಪ್ಪಗಿದ್ದೀಯ' ಅಂತ ಕೇಳಿದಾಗ ಹಲ್ಲುನೋವು ಅಂದಿದ್ದೆ. ಹಲ್ಲುನೋವು ಇರಲಿಲ್ಲ.

ಒಂದು ಮಾತು ನಡುವೆ ಹೇಳಿಬಿಡುತ್ತೇನೆ, ನಿಮಗೆ ಖುಷಿಯಾಗುತ್ತದೆ. ಈ ಇಡೀ ಸರಪಳಿಯಲ್ಲಿ ದೋಣಿಯವರದ್ದು ಕಡ್ಡಿಯಷ್ಟು ಪಾಲು. ಪರದೆಯ ಮೇಲೆ ಅತಿ ಎತ್ತರದ ಕಂಬ ಯಾವುದರದ್ದು ಗೊತ್ತೇ? ನೀರು ನಿಂತ ಭತ್ತದ ಗದ್ದೆ! ಹೊಗೆಯೇ ಕಾಣದ ಗದ್ದೆ! ಕೆಸರಿನಿಂದ ಗುಳುಗುಳು ಅಂತ ಗುಳ್ಳೆ ಬರುತ್ತದಲ್ಲ, ನಾವು ಚಿಕ್ಕವರಿದ್ದಾಗ ಕಡ್ಡಿಯಿಂದ ಚುಚ್ಚಿ ಒಡೆಯುತ್ತಿದ್ದದ್ದು, ಅದರೊಳಗಿನ ಅನಿಲವೇ ಕಾರಣವಂತೆ. ಅದಾದ ಮೇಲೆ ಭತ್ತ ಒಣಗಿಸುವ ಒಲೆ, ಆಮೇಲೆ ಗಿರಣಿಯ ಕರೆಂಟು, ಕೊನೆಯಲ್ಲಿ ಸಾಗಣೆ. ಅದರಲ್ಲೂ ಲಾರಿಯವರ ಅರ್ಧದಷ್ಟೂ ನೀವು ಸುಡುವುದಿಲ್ಲ. ಇದನ್ನೆಲ್ಲ ನೋಡುವಾಗ ನನಗೆ ಊಟದ ಹೊತ್ತು ಮರೆತುಹೋಗುತ್ತದೆ. ಒಂದು ಕಂಬ ಯಾಕೆ ಎತ್ತರ, ಪಕ್ಕದ್ದು ಯಾಕೆ ಗಿಡ್ಡ ಅಂತ ಕೆದಕುತ್ತಾ ಹೋದರೆ ಪ್ರತಿಯೊಂದರ ಕೆಳಗೂ ಯಾರೋ ಒಬ್ಬ ಮನುಷ್ಯ ಸಿಗುತ್ತಾನೆ. ನಿಮ್ಮ ಕೆಂಪು ಚೌಕವನ್ನೂ ಹಾಗೇ ಕೆದಕಿದೆ. ಕೆದಕಿದಷ್ಟೂ ವಿಚಿತ್ರ. ಜನವರಿಯಲ್ಲಿ ನೀವು ಡೀಸೆಲ್ ಸುಟ್ಟಿದ್ದೀರಿ, ಅಕ್ಕಿಯೇ ಹೊತ್ತಿಲ್ಲ. ಫೆಬ್ರವರಿಯ ಕೊನೆಯಲ್ಲಿ ನೂರು ಟನ್ ಅಕ್ಕಿ ಹೊತ್ತು ಬಂದರಿಗೆ ಹೋಗಿದ್ದೀರಿ, ಒಂದು ತೊಟ್ಟು ಡೀಸೆಲ್ ಸುಟ್ಟಿಲ್ಲ. ನಮ್ಮವರು ಹುಟ್ಟು ಹಾಕಿಕೊಂಡು ಹೋದರೋ ಏನೋ ಅಂತ ನಕ್ಕೆ, ಆದರೆ ಒಳಗೊಳಗೆ ಹೆದರಿಕೆ. ಡೀಸೆಲ್ ಮಾರಿಕೊಳ್ಳುತ್ತಾರೆ ಅಂತ ಯಾರಾದರೂ ಅಂದರೆ?

ಹೋದ ಶುಕ್ರವಾರ ಬೆಳಿಗ್ಗೆ ನೀವು ಹೊರಟಿರಿ. ಆವತ್ತೇ ಮಧ್ಯಾಹ್ನ ನೀವು ಕೊಟ್ಟುಹೋದ ಡೀಸೆಲ್ ಪುಸ್ತಕ ತೆಗೆದು ಒಂದೊಂದೇ ಸಾಲು ಕಂಪ್ಯೂಟರಿಗೆ ಹಾಕುತ್ತಾ ಕೂತೆ. ಕೊನೆಯ ಸಾಲನ್ನು ಅದು ತೆಗೆದುಕೊಳ್ಳಲೇ ಇಲ್ಲ. ಮತ್ತೆ ಹಾಕಿದೆ, ಮತ್ತೆ ಉಗುಳಿತು. ಕನ್ನಡಕ ಏರಿಸಿ ನೋಡಿದರೆ ನಿಮ್ಮ ದಪ್ಪ ಅಕ್ಷರದಲ್ಲಿ 30/2 ಅಂತ ಇದೆ. ಫೆಬ್ರವರಿ ಮೂವತ್ತು! ಅಯ್ಯೋ ಪುಣ್ಯಾತ್ಮರೇ, ಯಾವ ದೇಶದ ಕ್ಯಾಲೆಂಡರಿನಲ್ಲಿ ಫೆಬ್ರವರಿ ಮೂವತ್ತು ಇದೆ ಅಂತ ಗಟ್ಟಿಯಾಗಿ ನಕ್ಕುಬಿಟ್ಟೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಅರ್ಧ ನಗುವಿನಲ್ಲೇ ನಿಂತೆ. ಎರಡನೇ ತಿಂಗಳ ಮೂವತ್ತು ಅಂದರೆ ಅಮಾವಾಸ್ಯೆ. ಅಮಾವಾಸ್ಯೆ ಹುಣ್ಣಿಮೆಗೆ ಉಬ್ಬರ ಜೋರು, ಇಳಿತ ಜೋರು. ಇಳಿತ ಹಿಡಿದು ಹೋದರೆ ಡೀಸೆಲ್ ಉಳಿಯುತ್ತದೆ. ಚಂದ್ರನನ್ನು ಬಿಟ್ಟು ಬೇರೆ ಯಾವ ಕ್ಯಾಲೆಂಡರನ್ನು ನೀವು ಜೀವನದಲ್ಲಿ ನೋಡಿದ್ದೀರಿ? ನಮ್ಮ ಮದುವೆಯ ದಿನವನ್ನೂ ತಿಥಿಯಲ್ಲೇ ನೆನಪಿಟ್ಟುಕೊಂಡಿದ್ದೀರಿ, ಅದಕ್ಕೇ ಪ್ರತಿವರ್ಷ ನನ್ನ ಹತ್ತಿರ ಬೈಸಿಕೊಳ್ಳುತ್ತೀರಿ. ನೀವು ಚಾಂದ್ರಮಾನದ ತಾರೀಕು ಬರೆದಿರಿ, ನಾನು ಅದನ್ನು ಆಫೀಸಿನ ತಾರೀಕು ಅಂದುಕೊಂಡು ತುಂಬಿದೆ. ಎಲ್ಲವೂ ಒಂದು ತಿಂಗಳಿಗಿಂತ ಹೆಚ್ಚು ಹಿಂದೆ ಹೋಗಿ ಕೂತಿತ್ತು. ಡೀಸೆಲ್ ಒಂದು ಕಡೆ, ಅಕ್ಕಿ ಇನ್ನೊಂದು ಕಡೆ.

ಶನಿವಾರ ಹೊಸದೊಂದು ಕಾಲಮ್ ಸೇರಿಸಿದೆ. ನಗಬೇಡಿ, ಅದಕ್ಕೆ 'ಚಂದ್ರ' ಅಂತಲೇ ಹೆಸರಿಟ್ಟಿದ್ದೇನೆ. ತಾರೀಕುಗಳನ್ನೆಲ್ಲ ಸರಿಪಡಿಸಿ ಗುಂಡಿ ಒತ್ತಿದೆ. ನಿಮ್ಮ ಹಾಗೇ ತಿಥಿ ಬರೆಯುವ ಇನ್ನಿಬ್ಬರು ಹಳಬರಿದ್ದಾರಲ್ಲ, ಒಂಬತ್ತು ಮತ್ತು ಇಪ್ಪತ್ಮೂರನೇ ದೋಣಿ, ಅವರಿಬ್ಬರೂ ಕಣ್ಣೆದುರಿಗೇ ಹಸಿರಾದರು. ಅಷ್ಟೇ ಅಲ್ಲ, ಇಪ್ಪತ್ತಾರೂ ದೋಣಿಗಳ ಡೀಸೆಲ್ ಗೆರೆ ಉಬ್ಬರ ಇಳಿತದ ಜೊತೆಗೇ ಏರಿ ಇಳಿಯುವುದು ಪರದೆಯ ಮೇಲೆ ಕಾಣಿಸಿತು. ಎಷ್ಟು ಚೆಂದ ಇತ್ತು ಗೊತ್ತೇ! ಕರೆದು ತೋರಿಸೋಣ ಅಂದರೆ ನೀವು ಆಗಲೇ ಮೀ ಥೋ ದಾಟಿದ್ದಿರಿ. ಹದಿನೇಳನೇ ಚೌಕ ಮಾತ್ರ ಹಳದಿಗೆ ಬಂದು ನಿಂತುಬಿಟ್ಟಿತು. ನಮ್ಮ ಹೊಸವರ್ಷದ ಹಬ್ಬದಿಂದ ಈಚೆಗೆ ನಾಲ್ಕು ಸಲ ಹೋಗಿಬಂದಿದ್ದೀರಿ, ನಾಲ್ಕರಲ್ಲೂ ವಾಪಸು ಬರುವಾಗ ನಲವತ್ತಾರು ಲೀಟರಿನಷ್ಟು ಜಾಸ್ತಿ. ಜಾಸ್ತಿ ಸುಟ್ಟಿದ್ದಕ್ಕೆ ಪಕ್ಕದಲ್ಲಿ ಕಾರಣ ಬರೆಯಬೇಕು. ಬರೆಯದಿದ್ದರೆ ಇಪ್ಪತ್ತನೇ ತಾರೀಕು ಹಳದಿ ತಾನಾಗಿಯೇ ಕೆಂಪಾಗುತ್ತದೆ.

ಹಬ್ಬದ ನಂತರ ಚುಕ್ಕಾಣಿಯ ಹತ್ತಿರ ಸೋಪಿನ ಡಬ್ಬಿಯಂಥದ್ದೊಂದು ಕೂರಿಸಿ ಹೋದರು ನೆನಪಿದೆಯೇ? ನೀವು ಅದಕ್ಕೆ ಟೋಪಿ ನೇತುಹಾಕುತ್ತೀರಿ. ಅದು ದೋಣಿ ಎಲ್ಲಿದೆ ಅಂತ ನಕ್ಷೆಯ ಮೇಲೆ ಚುಕ್ಕೆ ಇಡುತ್ತದೆ. ಛೋ ಗಾವ್ ಕಾಲುವೆಯಿಂದ ದೊಡ್ಡ ನದಿಗೆ ಬಂದು ಬಲಕ್ಕೆ ತಿರುಗಿದರೆ ಮನೆ. ನಿಮ್ಮ ಚುಕ್ಕೆ ನಾಲ್ಕು ಸಲವೂ ಎಡಕ್ಕೆ, ಸಮುದ್ರದ ಕಡೆ ತಿರುಗಿದೆ. ಹದಿನೈದು ಕಿಲೋಮೀಟರು ಕೆಳಗೆ ಹೋಗಿ ಎರಡು ಗಂಟೆ ನಿಂತಿದೆ. ಸುಳ್ಳು ಯಾಕೆ ಹೇಳಲಿ, ಮೊದಲು ಬಂದ ಯೋಚನೆ ಹೆಂಗಸಿನದ್ದೇ. ಹುಣ್ಣಿಮೆ ಅಮಾವಾಸ್ಯೆಗೆ ತಪ್ಪದೆ ಭೇಟಿ ಕೊಡುವುದಕ್ಕೆ ಯಾವ ದೇವತೆ ಅವಳು ಅಂತ ಮೈ ಉರಿಯಿತು. ನಕ್ಷೆಯನ್ನು ಹಿಗ್ಗಿಸಿದೆ. ಚುಕ್ಕೆ ನಿಂತ ತೊರೆಯ ಬಾಗು ಕಂಡಿತು. ಆ ಬಾಗನ್ನು ನಾನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಈಜು ಕಲಿತದ್ದು ಅಲ್ಲೇ. ಅದು ತಾನ್ ಫೂ ದೋಂಗ್ ನಡುಗಡ್ಡೆ, ನನ್ನ ಅಪ್ಪನ ಮನೆಯ ಮುಂದಿನ ತೊರೆ.

ಸಿಟ್ಟು ಬಂತು, ನಿಮ್ಮ ಮೇಲೆಯೇ. ಏಳು ವರ್ಷದ ಹಿಂದೆ ನಾನು ಆ ಹೊಸ್ತಿಲು ದಾಟಿದ ದಿನ ನೀವೂ ಅಲ್ಲಿದ್ದಿರಿ. 'ನೆಲದ ಮೇಲೆ ಕಾಲಿಡೋಕೆ ಅಂಗೈಯಷ್ಟು ಜಾಗ ಇಲ್ದೋನಿಗೆ ಮಗಳನ್ನ ಕೊಡ್ಲಾ? ಆ ದೋಣಿಯೋನ ಕೈಯಿಂದ ನಾನು ಒಂದು ಗುಟುಕು ನೀರೂ ಕುಡಿಯಲ್ಲ' ಅಂತ ಅಪ್ಪ ಕೂಗಿದ್ದು. 'ನಾನೂ ಈ ಮನೆಯ ನೀರು ಮುಟ್ಟಲ್ಲ' ಅಂತ ನಾನು ಕೂಗಿದ್ದು. ಅಪ್ಪ, ಮಗಳು ಇಬ್ಬರೂ ಆಡಿದ ಮಾತು ಉಳಿಸಿಕೊಂಡವರು. ಸೆನ್ ಹುಟ್ಟಿದಾಗಲೂ ಹೋಗಲಿಲ್ಲ, ಅವರೂ ಬರಲಿಲ್ಲ. ಈಗ ಇವರು ನನಗೆ ಹೇಳದೆ ಹೋಗಿ ಅಲ್ಲಿ ಕೈಕಟ್ಟಿ ನಿಲ್ಲುತ್ತಾರಾ, ನನ್ನ ಮರ್ಯಾದೆ ಏನಾಗಬೇಕು ಅಂತ ಅನಿಸಿತು. ಕಾರಣದ ಜಾಗದಲ್ಲಿ 'ಉಬ್ಬರಕ್ಕೆ ಕಾದಿದ್ದು' ಅಂತ ಬರೆದುಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ಎಲ್ಲ ದೋಣಿಯವರೂ ಅದನ್ನೇ ಬರೆಸುತ್ತಾರೆ, ಯಾರೂ ಕೇಳುವುದಿಲ್ಲ. ಬರೆದೂ ಬರೆದೆ. ಅಳಿಸಿದೆ. ಸುಳ್ಳು ಅನ್ನುವುದಕ್ಕಿಂತ ಹೆಚ್ಚಾಗಿ, ಅಲ್ಲಿ ಎರಡು ಗಂಟೆ ನೀವು ಏನು ಮಾಡುತ್ತೀರಿ ಅಂತ ತಿಳಿಯದೆ ನನಗೆ ನಿದ್ದೆ ಬರುವಂತಿರಲಿಲ್ಲ. ನನ್ನ ಸ್ವಭಾವ ನಿಮಗೆ ಗೊತ್ತಲ್ಲ.

ಭಾನುವಾರ ಸೆನ್‌ಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೊರಟೆ. ಮೀ ಥೋವರೆಗೆ ಬಸ್ಸು, ಅಲ್ಲಿಂದ ಬಾಡಿಗೆ ಬೈಕು, ಆಮೇಲೆ ಕಡವಿನ ದೋಣಿ. ನಡುಗಡ್ಡೆಗೆ ಕಾಲಿಟ್ಟರೆ ಗುರುತೇ ಸಿಗಲಿಲ್ಲ ಕಣ್ರೀ. ಕೆರೆಯ ತಳ ಒಣಗಿ ಬಿರುಕು ಬಿಟ್ಟಿದೆ. ತೊರೆಯ ನೀರು ನಾಲಗೆಗೆ ತಾಗಿಸಿದೆ, ಮೀನು ಸಾಸಿನಷ್ಟೇ ಉಪ್ಪು. ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಉಬ್ಬರ ಸಮುದ್ರವನ್ನು ಒಳಗೆ ತಳ್ಳಿಕೊಂಡು ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ನಾವು ಮೇಲಿನ ಊರಿನವರು ತಲೆ ಆಡಿಸುತ್ತೇವೆ. ರಸ್ತೆ ಬದಿಯಲ್ಲಿ ಬಕೆಟ್ಟಿನ ಸಾಲು, ನೀರಿನ ಲಾರಿಗೆ ಕಾಯುವ ಹೆಂಗಸರು. ಅಪ್ಪ ಅಂಗಳದಲ್ಲಿ ಮಜ್ಜಿಗೆ ಹುಲ್ಲಿನ ಕಟ್ಟು ಕಟ್ಟುತ್ತಿದ್ದರು. ಬೆನ್ನು ಬಾಗಿಹೋಗಿದೆ. ತಲೆ ಎತ್ತಿದವರು ನನ್ನನ್ನು ನೋಡಿ ಬೆಳ್ಳಗಾದರು. ಏಳು ವರ್ಷದ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು ನನ್ನ ಬಗ್ಗೆ ಅಲ್ಲ. 'ಅವನಿಗೇನಾಯ್ತು? ನೀನ್ಯಾಕೆ ಬಂದೆ? ಲ್ವಾನ್‌ಗೆ ಏನಾದ್ರೂ ಆಯ್ತಾ?' ನಿಮ್ಮ ಹೆಸರು ಅವರಿಗೆ ಗೊತ್ತಿದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಅವರ ಹಿಂದೆ ಗೋಡೆಯ ನೆರಳಿನಲ್ಲಿ ಹತ್ತು ನೀಲಿ ಬ್ಯಾರೆಲ್ಲು. ನಮ್ಮ ಗಿರಣಿಯ ನಲ್ಲಿಯಲ್ಲಿ ನೀವು ತುಂಬಿಸುವ ಬ್ಯಾರೆಲ್ಲು! ಯಾಕೆ ಅಂತ ಕೇಳಿದ್ದಕ್ಕೆ 'ದೋಣಿ ತೊಳೆಯೋಕೆ' ಅಂದಿದ್ದಿರಿ. ಅಲ್ಲ, ನದಿಯ ಮೇಲೆ ಇರುವವರಿಗೆ ದೋಣಿ ತೊಳೆಯುವುದಕ್ಕೆ ನಲ್ಲಿಯ ನೀರು ಬೇಕೇ ಅಂತ ನನ್ನ ಬುದ್ಧಿಗೆ ಆಗಲೇ ಹೊಳೆಯಬೇಕಿತ್ತು. ಅಪ್ಪ ಹುಲ್ಲಿನ ಕಟ್ಟಿನ ಮೇಲೆ ಕೂತು, ನನ್ನ ಮುಖ ನೋಡದೆ ಹೇಳಿದರು. 'ಮೊದಲ್ನೇ ಸಲ ತಂದಾಗ ಅಷ್ಟೂ ನೀರು ದಂಡೆಗೆ ಚೆಲ್ಲಿಸ್ದೆ. ಮಾತಾಡ್ದೆ ಖಾಲಿ ಬ್ಯಾರೆಲ್ ಎತ್ಕೊಂಡು ಹೋದ. ಎರಡ್ನೇ ಸಲ ತಂದ, ಹುಲ್ಲಿಗೆ ಹಾಕ್ಸಿದೆ. ಆಗ್ಲೂ ಮಾತಿಲ್ಲ. ಮೂರ್ನೇ ಸಲ ನಂಗೇ ಬಾಯಾರಿತ್ತು ಮಗಳೇ.' ಹಾಗಂದು ಬಾಯಿ ಒರೆಸಿಕೊಂಡರು. ನಿಮ್ಮ ಹತ್ತಿರ ಒಂದೇ ಒಂದು ಮಾತು ಕೇಳಿಕೊಂಡಿದ್ದರಂತೆ, 'ನನ್ನ ಮಗಳಿಗೆ ಹೇಳ್ಬೇಡ, ಸೋತೆ ಅಂದ್ಕೋತಾಳೆ.' ನೀವು 'ಹೂಂ' ಅಂದಿರಂತೆ. ಪಕ್ಕದ ಮನೆಯ ಮುದುಕಿ ಚಿನ್ ಅತ್ತೆಗೂ ಅದೇ ನೀರು. ಅವಳು ಬೇಲಿಯಾಚೆಯಿಂದಲೇ ಕೂಗಿದಳು, 'ನಿನ್ನ ಗಂಡನಿಗೆ ಇನ್ನೂ ಎರಡು ಬ್ಯಾರೆಲ್ ಹೆಚ್ಗೆ ತರೋಕೆ ಹೇಳೇ, ನಿಮ್ಮಪ್ಪ ಲೋಟದಲ್ಲಿ ಅಳೆದು ಕೊಡ್ತಾನೆ, ಜಿಪುಣ!'

ಅಪ್ಪ ಒಳಗೆ ಹೋಗಿ ಒಂದು ಲೋಟ ನೀರು ತಂದು ನನ್ನ ಮುಂದೆ ಇಟ್ಟರು. ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ನನ್ನ ಶಪಥ ಅವರಿಗೂ ನೆನಪಿತ್ತು. ನಾನು ಲೋಟ ನೋಡಿದೆ. ಇದು ಈ ಮನೆಯ ನೀರಲ್ಲ, ಸಾ ಡೆಕ್‌ನ ನಮ್ಮ ಗಿರಣಿಯ ನೀರು, ಮುಟ್ಟಿದರೆ ಮಾತು ಮುರಿದ ಹಾಗಾಗುವುದಿಲ್ಲ ಅಂತ ಲೆಕ್ಕ ಹಾಕಿದೆ. ಕುಡಿದುಬಿಟ್ಟೆ. ಕುಡಿಯುವಾಗ ಅಳು ಬಂದು ನೆತ್ತಿಗೆ ಹತ್ತಿತು. ಅವರು ಬೆನ್ನಿಗೆ ತಟ್ಟಿದರು. ಕಡವು ದಾಟಿ ಬರುವಾಗ ನಿಮ್ಮ ಮೇಲಿದ್ದ ಸಿಟ್ಟನ್ನು ಹುಡುಕಿದೆ, ಸಿಗಲಿಲ್ಲ. ನಿಮ್ಮನ್ನು ಕಟ್ಟಿಕೊಂಡದ್ದಕ್ಕೆ ನನಗೆ ಯಾವತ್ತೂ ಪಶ್ಚಾತ್ತಾಪ ಆಗಿಲ್ಲ, ಆದರೆ ಇಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ. ಇದನ್ನು ಬಾಯಲ್ಲಿ ಹೇಳುವವಳಲ್ಲ ನಾನು, ಅದಕ್ಕೇ ಬರೆದಿದ್ದೇನೆ.

ಸೋಮವಾರ ಬೆಳಿಗ್ಗೆ ಕಾರಣದ ಜಾಗದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ: 'ಮಾವನಿಗೆ ಕುಡಿಯುವ ನೀರು, ಹತ್ತು ಬ್ಯಾರೆಲ್.' ಬರೆದು ನಮ್ಮ ಮೇಲಧಿಕಾರಿ ಖಾಂಗ್ ಅವರ ಮುಂದೆ ಇಟ್ಟೆ. ಅವರ ಮುಖ ನಿಮಗೆ ಗೊತ್ತು, ಹಬ್ಬದ ದಿನವೂ ಇಸ್ತ್ರಿ ಹಾಕಿದ ಹಾಗೆ ಇರುತ್ತದೆ. ಎರಡು ಸಲ ಓದಿದರು. 'ಹೋಗುವಾಗಾ, ಬರುವಾಗಾ?' ಅಂದರು. ಬರುವಾಗ, ದೋಣಿ ಖಾಲಿ ಇದ್ದಾಗ ಅಂದೆ. ಗಿರಣಿಯ ಅಕ್ಕಿ ಹೊತ್ತು ನೀವು ದಾರಿ ಬಿಟ್ಟಿಲ್ಲ ಅನ್ನುವುದನ್ನು ಚುಕ್ಕೆಗಳಲ್ಲೇ ತೋರಿಸಿದೆ. 'ಹಾಗಿದ್ರೆ ಇದು ಅಕ್ಕಿಯ ಹೊಗೆ ಅಲ್ಲಮ್ಮ, ನೀರಿನ ಹೊಗೆ. ಅಕ್ಕಿಯಿಂದ ತೆಗಿ. ಆದ್ರೆ ಗಾಳಿಗೆ ಹೋಗಿದ್ದು ಹೋಗಿದ್ದೇ, ಯಾರದ್ದಾದ್ರೂ ಹೆಸರಲ್ಲಿ ಇರಬೇಕು. ಯಾರ ಹೆಸರಿಗೆ ಹಾಕ್ತೀಯ?' ಅಂತ ಕೇಳಿದರು. ನನ್ನ ಹೆಸರಿಗೆ ಹಾಕಿ ಅಂದೆ. ಅವರು ಕನ್ನಡಕದ ಮೇಲಿಂದ ನೋಡಿದರು, ನಕ್ಕರೋ ಇಲ್ಲವೋ ಹೇಳಲಾರೆ. ಆದರೆ ಒಂದು ಷರತ್ತು ಹಾಕಿದ್ದಾರೆ. ನಾನು ನಿಮ್ಮ ಹೆಂಡತಿ, ನನ್ನ ಮಾತೊಂದೇ ಸಾಲದು. ಎಲ್ಲಿಗೆ ಹೋದಿರಿ, ಯಾಕೆ ಹೋದಿರಿ ಅಂತ ದೋಣಿಯವರೇ ತಮ್ಮ ಕೈಯಲ್ಲಿ ಬರೆದು ಸಹಿ ಹಾಕಬೇಕು. ಇಪ್ಪತ್ತರ ಒಳಗೆ ಅದು ಬಂದರೆ ಹದಿನೇಳು ಹಸಿರು. ಬಾರದಿದ್ದರೆ ಕೆಂಪು.

ಆ ಹಾಳೆಯನ್ನು ಈ ಪತ್ರದ ಜೊತೆಗೇ ಇಟ್ಟಿದ್ದೇನೆ. ಅಪ್ಪನಿಗೆ 'ಹೂಂ' ಅಂದದ್ದು ಮುರಿಯುತ್ತದಲ್ಲ ಅಂತ ನೀವು ಕೂತು ಕೊರಗುತ್ತೀರಿ ಅಂತ ನನಗೆ ಗೊತ್ತು. ಅವರು ಹೇಳಬೇಡ ಅಂದದ್ದು ಮಗಳಿಗೆ. ಮಗಳಿಗೆ ಈಗ ಗೊತ್ತಾಗಿದೆ, ಅದೂ ನೀವು ಹೇಳಿ ಅಲ್ಲ. ಹಾಗಾಗಿ ಸಂಕೋಚ ಬಿಟ್ಟು ಬರೆಯಿರಿ, ಸಹಿ ಹಾಕಿ, ಫೋಟೋ ತೆಗೆದು ಕೂಡಲೇ ಕಳಿಸಿ. ನಾಲ್ಕು ತಾರೀಕುಗಳನ್ನೂ ಆಫೀಸಿನ ಲೆಕ್ಕದಲ್ಲಿ ಹಾಕಿ, ನಿಮ್ಮ ಚಂದ್ರನ ಲೆಕ್ಕದಲ್ಲಿ ಬೇಡ. ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದುಕೊಟ್ಟಿದ್ದೇನೆ, ನೋಡಿಕೊಂಡು ಬರೆದರೆ ಸಾಕು. ಬೇಯ್ ಅಕ್ಕನಿಗೆ, ಅವರ ಯಜಮಾನರಿಗೆ ನನ್ನ ನಮಸ್ಕಾರ ಹೇಳಿ. ಬಿಸಿಲಿಗೆ ಟೋಪಿ ಹಾಕಿಕೊಳ್ಳಿ, ಆ ಡಬ್ಬಿಯ ತಲೆಗಲ್ಲ, ನಿಮ್ಮ ತಲೆಗೆ. ಸೆನ್ ಪತ್ರದ ಅಂಚಿನಲ್ಲಿ ಹಲ್ಲಿರುವ ದೋಣಿಯ ಚಿತ್ರ ಬರೆದಿದ್ದಾಳೆ. ನದಿ ನಿಮ್ಮನ್ನು ಸುಖವಾಗಿ ನಡೆಸಿಕೊಂಡು ಬರಲಿ.

ನಿಮ್ಮ,
ಥೋವಾ

ಮರೆತಿದ್ದೆ, ಬೇಯ್ ಅಕ್ಕ ಇಂಜಿನ್ ಶುರುಮಾಡಿಯಾಗಿದೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಹುಣ್ಣಿಮೆಯ ಹಿಂದಿನ ದಿನ, ಅಂದರೆ ನಿಮ್ಮ ಚಂದ್ರನ ಲೆಕ್ಕದ ಹದಿನಾಲ್ಕಕ್ಕೆ, ಛೋ ಗಾವ್ ಕಾಲುವೆಯ ಬಾಯಿಯಲ್ಲಿ ಎಡಕ್ಕೆ ತಿರುಗುವ ಮೊದಲು ದಂಡೆಗೆ ಬಂದು ದೋಣಿ ನಿಲ್ಲಿಸಿ. ನಾನು, ಸೆನ್, ಚಿನ್ ಅತ್ತೆಯ ಎರಡು ಬ್ಯಾರೆಲ್ಲು, ನಾಲ್ಕೂ ಅಲ್ಲಿ ನಿಂತಿರುತ್ತೇವೆ. ಅಪ್ಪನಿಗೆ ಹೇಳಿಲ್ಲ. ಆವತ್ತಿನ ಡೀಸೆಲ್ ಬಗ್ಗೆ ಚಿಂತೆ ಬೇಡ, ಕಾರಣ ಈಗಲೇ ತುಂಬಿಸಿಟ್ಟಿದ್ದೇನೆ: 'ಹೆಂಡತಿಯನ್ನು ತವರಿಗೆ ಕರೆದುಕೊಂಡು ಹೋಗಿದ್ದು.'